ಅಜ್ಜಿಯ ಗೋಡೆ
ನಮಸ್ಕಾರ. ಹೋದ ವಾರ ಬಸ್ಸಿಗೆ ಕಾಯುತ್ತಾ ಸುಮ್ನೆ ಫೋನಿನ ನೋಟ್ಸ್ ತೆರೆದೆ. ಒಂದು ಸಾಲು ಕಣ್ಣಿಗೆ ಬಿತ್ತು. ‘ಅಜ್ಜಿಯ ಗೋಡೆ ಬಗ್ಗೆ ಬರೆಯಬೇಕು.’ ಯಾವ ಗೋಡೆ? ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಯಾವತ್ತೋ ದಾರಿಯಲ್ಲಿ ನಡೆಯುತ್ತಾ ಮೈಕ್ ಒತ್ತಿ ಹೇಳಿದ್ದೆ, ಪಕ್ಕದಲ್ಲಿ ಲಾರಿ ಹೋಗಿರಬೇಕು, ಫೋನು ತನಗೆ ಕೇಳಿಸಿದ್ದನ್ನು ಬರೆದುಕೊಂಡಿದೆ.

ಅದಕ್ಕೆ ನಾನು ಫೋನನ್ನು ಬೈಯುವುದಿಲ್ಲ. ಅಡುಗೆಮನೆಯಲ್ಲಿ, ರಾತ್ರಿ ದೀಪ ಆರಿಸಿದ ಮೇಲೆ, ಪೆನ್ನು ಎಲ್ಲಿ ಅಂತ ಹುಡುಕೋದು? ಮೂರು ವರ್ಷದ ಹಿಂದೆ ಬರೆದದ್ದನ್ನೂ ‘ಹಲಸು’ ಅಂತ ಹುಡುಕಿದರೆ ತಂದು ಮುಂದಿಡುತ್ತದೆ. ನನ್ನ ಡೈರಿಗೆ ಆ ವಿದ್ಯೆ ಗೊತ್ತಿಲ್ಲ. ಬ್ಯಾಂಕಿನವರು ಪುಕ್ಕಟೆ ಕೊಟ್ಟದ್ದು ಅದು. ಹಿಂದಿನ ಪುಟಗಳಲ್ಲಿ ಹಾಲಿನ ಲೆಕ್ಕ, ಮಧ್ಯದಲ್ಲಿ ಕಾಫಿ ಲೋಟದ ಗುರುತು, ತಾರೀಖಿಗೂ ಬರೆದದ್ದಕ್ಕೂ ಸಂಬಂಧವೇ ಇಲ್ಲ.

ಆದರೆ ಫೋನು ಯಾವುದನ್ನೂ ಬೇಡ ಅನ್ನುವುದಿಲ್ಲ, ಅದೇ ತೊಂದರೆ. ಪುಟ ಮುಗಿಯುವುದಿಲ್ಲ, ಕೈ ನೋಯುವುದಿಲ್ಲ. ಹಾಗಾಗಿ ಕಾಳು ಜೊಳ್ಳು ಎಲ್ಲ ಒಳಗೆ ಹೋಗಿ ಬೀಳುತ್ತದೆ.

ನಮ್ಮ ಹಳೆಯ ಕಡತ ನೋಡಿ. ಈಗ ಕಡತ ಅಂದರೆ ಆಫೀಸಿನ ಫೈಲು, ಇ-ಕಡತ ಬೇರೆ ಬಂದಿದೆ. ಹಿಂದೆ ಅದು ಬಟ್ಟೆ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಸೇರಿಸಿ ಬಳಿದು, ಒಣಗಿಸಿ, ಪಟ್ಟಿ ಪಟ್ಟಿಯಾಗಿ ಮಡಚುತ್ತಿದ್ದರು. ಮಡಚಿ ಒಯ್ಯುವ ಕಪ್ಪು ಹಲಗೆ ಅನ್ನಿ. ಬಿಳಿ ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸಿ, ಮತ್ತೆ ಬಳಿದು ಹೊಸದಾಗಿ ಬರೆಯುವುದು. ವ್ಯಾಪಾರದ ಲೆಕ್ಕ, ಮಠದ ಲೆಕ್ಕ ಎಲ್ಲ ಅದರಲ್ಲೇ. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಇತಿಹಾಸ ಬರೆಯುವವರಿಗೆ ಆಧಾರ. ಒರೆಸಲು ಬರುವ ಪುಸ್ತಕದಲ್ಲಿ ಯಾವುದನ್ನು ಉಳಿಸಬೇಕು ಅಂತ ಯಾರಾದರೂ ಕೂತು ಯೋಚಿಸಲೇಬೇಕು, ಅಲ್ವಾ?

ಆ ಕೆಲಸಕ್ಕೆ ನಾನು ಭಾನುವಾರ ಇಟ್ಟುಕೊಂಡಿದ್ದೇನೆ. ತಿಂಡಿ ಆದಮೇಲೆ ವಾರದ ನೋಟ್ಸನ್ನು ಫೋನಿನಿಂದ ಡೈರಿಗೆ ಕೈಯಲ್ಲಿ ಇಳಿಸುತ್ತೇನೆ. ಇಪ್ಪತ್ತು ಇದ್ದರೆ ನಾಲ್ಕೋ ಐದೋ, ಅದಕ್ಕಿಂತ ಜಾಸ್ತಿ ಇಲ್ಲ. ಬರೆಯಲು ಬೇಜಾರಾಯಿತು ಅಂದರೆ ಅದು ಬೇಕಾಗಿರಲಿಲ್ಲ ಅಂತಲೇ ಲೆಕ್ಕ. ಬರೆದ ಪುಟದ ಫೋಟೊ ತೆಗೆದು ಫೋನಿನಲ್ಲೂ ಇಡುತ್ತೇನೆ, ಯಾಕೆಂದರೆ ಒಂದು ಮಳೆಗಾಲ ಚೀಲದೊಳಗೆ ಇಡೀ ಡೈರಿ ನೆನೆದು, ಇಂಕೆಲ್ಲ ಕದಡಿ ಬರೀ ನೀಲಿ ಉಳಿದಿತ್ತು.

ಮೊನ್ನೆ ಭಾನುವಾರ ಆ ಗೋಡೆಯ ಸಾಲನ್ನೂ ಇಳಿಸಲು ಹೊರಟೆ. ‘ಅಜ್ಜಿಯ ಗೋ’ ಅಂತ ಬರೆಯುವಷ್ಟರಲ್ಲಿ ಕೈ ನಿಂತಿತು. ಗೋಡೆ ಅಲ್ಲ, ಕೊಡೆ! ಮರದ ಹಿಡಿಯ ಕಪ್ಪು ಕೊಡೆ. ಬಾಗಿಲ ಹಿಂದೆ ಮೊಳೆಯಲ್ಲಿ ನೇತಾಡುತ್ತಿತ್ತು. ಅಜ್ಜಿ ಅದರ ಹರಿದ ಕಡೆ ಹಳೆ ಪಂಚೆಯ ತುಂಡು ಹೊಲಿದಿದ್ದಳು. ಕಪ್ಪು ಕೊಡೆಗೆ ಬಿಳಿ ತೇಪೆ. ಅದನ್ನು ಹಿಡಿದು ಸ್ಕೂಲಿಗೆ ಹೋಗಲು ನನಗೆ ಎಷ್ಟು ನಾಚಿಕೆ ಆಗುತ್ತಿತ್ತು ಅನ್ನುವುದೂ ಆಗಲೇ ನೆನಪಾಯಿತು.