ಹಸೆ ಚಿತ್ತಾರದ ಪ್ರದರ್ಶನ, ಗಾಜಿಗೆ ಅಂಟಿದ ಫೋಟೊ, 64 ಪುಟದ ಪುಸ್ತಕ | ಸಾಗರ ವ್ಲಾಗ್

ಮೊಳೆ ಹೊಡೆಯೋದು ಕಾಣ್ತಾನೇ ಇದೆ. ಎತ್ತರ ಮಾತ್ರ ಗಮನಿಸಿ: ಚಿತ್ರದ ನಡುಭಾಗ ನೆಲದಿಂದ 57 ಇಂಚು. ಅದಕ್ಕಿಂತ ಮೇಲೆ ಹೋದ್ರೆ ಸಣ್ಣ ಗೆರೆ ಕಾಣಲ್ಲ, ಕತ್ತೂ ನೋಯುತ್ತೆ.

ಇವೆಲ್ಲ ಸಾಗರ, ಸೊರಬ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆದ ಹಸೆ ಚಿತ್ತಾರ, ಅಂದ್ರೆ ಮದುವೆ ಮನೆ ಗೋಡೆಯ ಸಾಂಪ್ರದಾಯಿಕ ಚಿತ್ರ. ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿ ಅರೆದ ಬಿಳಿ, ಅಕ್ಕಿನೇ ಸೀಯೋವರೆಗೆ ಹುರಿದು ಮಾಡಿದ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಸ್ವಲ್ಪ ಹತ್ತಿರ ಹೋಗೋಣ... ಈ ಎಳೆ ನೋಡಿ, ಮೂಲೆಯಿಂದ ಮೂಲೆಗೆ ದಪ್ಪ ಬದಲಾಗಿಲ್ಲ. ಎಂಥ ಕೈ ಮಾರಾಯ್ರೆ! ಅಕ್ಕಿ ಬಣ್ಣ ಅಂದ್ರೆ ಜಿರಲೆಗೂ ಇಷ್ಟ, ಹಾಗಾಗಿ ಪ್ರದರ್ಶನ ಮುಗಿದ ಮೇಲೆ ಸುರುಳಿ ಸುತ್ತಿ ಅಟ್ಟಕ್ಕೆ ಹಾಕೋದು ಬೇಡವೇ ಬೇಡ.

ಈಗ ಈ ಫೋಟೊ. ಕಲಾವಿದೆಯೊಬ್ಬರ ಹಳೇ ಕಪ್ಪುಬಿಳುಪು ಚಿತ್ರ, ಗಾಜಿಗೆ ಅಂಟಿಕೊಂಡಿದೆ. ಎಡಗಡೆ ಹೊಳೆಯೋ ಕಲೆ ಇದೆಯಲ್ಲ, ಅಷ್ಟು ಜಾಗ ಪೂರ್ತಿ ಕಚ್ಚಿದೆ. ಮಲೆನಾಡಲ್ಲಿ ಇದು ಮನೆಮನೆಯ ಕಥೆ. ಫೋಟೊದ ಮೇಲ್ಪದರ ಜೆಲಾಟಿನ್. ಮಳೆಗಾಲದ ತೇವಕ್ಕೆ ಅದು ಉಬ್ಬಿ ಅಂಟಾಗುತ್ತೆ, ಬೇಸಿಗೇಲಿ ಒಣಗಿ ಗಾಜನ್ನೇ ಹಿಡ್ಕೊಳ್ಳುತ್ತೆ. ಬ್ಲೇಡ್ ಹಾಕಿದ್ರೆ ಮುಖ ಗಾಜಿನ ಮೇಲೆ ಉಳಿಯುತ್ತೆ, ಬರೀ ಕಾಗದ ಕೈಗೆ ಬರುತ್ತೆ. ನೀರಲ್ಲಿ ನೆನೆಸೋಣ ಅಂದ್ರೆ, ಕೈಯಲ್ಲಿ ಬಣ್ಣ ಹಚ್ಚಿದ ಫೋಟೊ ಆದ್ರೆ ಬಣ್ಣವೂ ಹೋಯ್ತು, ಹಿಂದೆ ಶಾಯಿಯಲ್ಲಿ ಬರೆದ ಹೆಸರೂ ಹೋಯ್ತು. ಕೀಳಬೇಡಿ. ಚೌಕಟ್ಟು ಬಿಚ್ಚಿ, ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಬೋರಲು ಇಡಿ. ತೆಳ್ಳಗಿನ ಅಗ್ಗದ ಸ್ಕ್ಯಾನರ್ ಬೇಡ, ಅದು ಸಿಐಎಸ್ ಜಾತಿ, ಗಾಜಿನ ದಪ್ಪದಷ್ಟು ದೂರಕ್ಕೇ ಮಸುಕಾಗುತ್ತೆ. ಒಳಗೆ ಲೆನ್ಸ್ ಇರೋ ದಪ್ಪನೆಯ ಸಿಸಿಡಿ ಜಾತಿಯದು ಹುಡುಕಿ. 3 ಇಂಚಿನ ಫೋಟೊನ 12 ಇಂಚಿಗೆ ಮುದ್ರಿಸಬೇಕಾದ್ರೆ 1200 ಡಿಪಿಐ, ಟಿಫ್ ಕಡತ. ಹಿಂಬದಿನೂ ಸ್ಕ್ಯಾನ್ ಮಾಡಿ. ಸ್ಟುಡಿಯೋ ಮುದ್ರೆಯಿಂದ ಕಾಲ ಗೊತ್ತಾಗುತ್ತೆ. ಗೋಡೆಗೆ ಪ್ರತಿ ಹೋಗಲಿ, ಮೂಲ ಫೋಟೊ ಮನೆಯವರ ಕೈಗೇ ವಾಪಸ್.

ಇಷ್ಟಕ್ಕೆಲ್ಲ ಕಾರಣ ಒಂದು ಮೌಂಟ್ ಬೋರ್ಡ್, ಅಂದ್ರೆ ಫೋಟೊ ಸುತ್ತ ಗಾಜಿನ ಕೆಳಗೆ ಇಡೋ ದಪ್ಪ ರಟ್ಟು, ಇಲ್ಲದ್ದು. ಫೋಟೊ ಗಾಜಿನ ನಡುವೆ 2 ಮಿಲಿಮೀಟರ್ ಗಾಳಿ ಇದ್ದಿದ್ರೆ ಅಂಟ್ತಿರಲಿಲ್ಲ. "ಮೌಂಟ್ ಬೇಡ, ಖರ್ಚು ಕಡಿಮೆ ಆಗುತ್ತೆ" ಅಂತ ಚೌಕಟ್ಟಿನ ಅಂಗಡಿಯವರು ಹೇಳಿದ್ರೆ ದಯವಿಟ್ಟು ಒಪ್ಪಬೇಡಿ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ತುಂಡು ಅಂಟಿಸಿ, ಗೋಡೆಯ ಥಂಡಿ ತಾಗಲ್ಲ.

 

ಹಾಂ, ಪುಸ್ತಕ. ಚಿತ್ತಾರ ಬರೆದವರ ಜೀವನಚರಿತ್ರೆ ಪಕ್ಕದಲ್ಲಿಲ್ಲದಿದ್ರೆ ಈ ಗೋಡೆ ಅರ್ಧ ಕೆಲಸ. "ಜನಪದ ಕಲಾವಿದೆ, ಸಾಗರ" ಅಂತ ಚೀಟಿ ಅಂಟಿಸೋದು ಅನ್ಯಾಯ. ಗುಡಿಗಾರರ ಗಂಧದ ಕೆತ್ತನೆಗೂ ಇದೇ ಗತಿ, ವಸ್ತು ಶೋಕೇಸಲ್ಲಿ, ಕೆತ್ತಿದವರ ಹೆಸರು ಎಲ್ಲೂ ಇಲ್ಲ. ಸಂದರ್ಶನದಲ್ಲಿ ಇಸವಿ ಕೇಳಬೇಡಿ, ಹಿರಿಯರು "ಮುಳುಗಡೆಗೆ ಮುಂಚೆ" ಅಂತಾರೆ. ಯಾವ ಮುಳುಗಡೆ ಅಂತ ಕೇಳ್ಲೇಬೇಕು! 1940ರ ದಶಕದ ಹಿರೇಭಾಸ್ಕರ ಅಣೆಕಟ್ಟಿನದ್ದೋ, 1964ರ ಲಿಂಗನಮಕ್ಕಿ ಅಣೆಕಟ್ಟಿನದ್ದೋ? ತಪ್ಪು ತಿಳ್ಕೊಂಡ್ರೆ ಮದುವೆ, ಮಕ್ಕಳು, ಮೊದಲ ಚಿತ್ತಾರ ಎಲ್ಲಾ ಹದಿನೈದು ವರ್ಷ ಆಚೀಚೆ. 1951ರ ಕಾಗೋಡು ಸತ್ಯಾಗ್ರಹ, ಅಂದ್ರೆ ಗೇಣಿ ರೈತರ ಹೋರಾಟ, ನಡೆದಾಗ ಎಷ್ಟು ದೊಡ್ಡವರಿದ್ರಿ ಅಂತ ಕೇಳಿ, ಲೆಕ್ಕ ಕೂಡುತ್ತೆ.

ಮುದ್ರಣ ಬೇಗ ಹೇಳ್ತೀನಿ. ಪುಸ್ತಕದ ಅಳತೆ ಡೆಮಿ 1/8, 64 ಪುಟ, ಅಂದ್ರೆ 16 ಪುಟದ ನಾಲ್ಕು ಫಾರ್ಮು. ಬೆನ್ನು ತೆಳು, ಗಮ್ ಬೈಂಡಿಂಗ್ ಬೇಡ, ಮಧ್ಯೆ ಪಿನ್ ಸಾಕು. ನುಡಿ ತಂತ್ರಾಂಶದ ಅಕ್ಷರದಿಂದ ಯೂನಿಕೋಡ್‌ಗೆ ಬದಲಿಸಿದಾಗ ಅರ್ಕಾವತ್ತು (ರ್ ಗುರುತು) ಜಾಗ ತಪ್ಪೋದುಂಟು, ಊರು-ಮನೆತನದ ಹೆಸರುಗಳನ್ನ ಅವರ ಮನೆಯವರ ಮುಂದೆಯೇ ಓದಿ ತಿದ್ದಿ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ಉಚಿತ, ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಅರ್ಜಿ ಹಾಕಿ. ಅಚ್ಚಾದ ಮೇಲೆ 1954ರ ಕಾಯ್ದೆ ಪ್ರಕಾರ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸಬೇಕು, ಸಣ್ಣ ಪ್ರಕಾಶಕರು ಬಹಳ ಜನ ಇದನ್ನ ಬಿಟ್ಟೇಬಿಡ್ತಾರೆ.

ಅಯ್ಯೋ, ಜನ ಬರೋಕೆ ಶುರುವಾಯ್ತು, ಇನ್ನೂ ಮೂರು ಚೀಟಿ ಬಾಕಿ. ಮೊದಲ ಸಾಲಲ್ಲಿ ಬರೆದವರ ಹೆಸರು, ಆಮೇಲೆ ಊರು, ವರ್ಷ, ಕೊನೆಗೆ ಬಣ್ಣ. ಅಕ್ಷರ 24 ಪಾಯಿಂಟ್, ಒತ್ತಕ್ಷರ ಕೆಳಗಿನ ಸಾಲಿಗೆ ತಾಗದ ಹಾಗೆ ಅಂತರ ಬಿಡಿ.