ಮುಳ್ಳಿಗೆ ಗೊತ್ತಿರುವುದು ಕರೆಂಟ್ ಮಾತ್ರ

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿ ಪಿ.ಬಿ. ರಸ್ತೆಯ ಗ್ಯಾರೇಜ್ ಗೆಳೆಯರು ಕೂತಿದ್ದೀರಿ. ಹಿಂದೆ ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳಿದ್ದೀರಿ. ದಾವಣಗೆರೆಯಲ್ಲಿ ಇಬ್ಬರಿಗೂ ಕೊರತೆಯಿಲ್ಲ. ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಬರುವುದು ಮಾತ್ರ ಕಡಿಮೆ. ನಾನು ಇವತ್ತು ಹೇಳುವುದು ಹಳೆಯ ಕಾರಿನ ಮುಳ್ಳಿನ ಗೇಜ್‌ಗೆ ಹೊಸ ಸೆನ್ಸರ್ ಹೊಂದಿಸುವ ಕೆಲಸ. ಅದಕ್ಕೆ ಇಬ್ಬರೂ ಬೇಕು.

ನನಗೆ ಗೊತ್ತಿರುವ ಹಿರಿಯರೊಬ್ಬರ ಹತ್ತಿರ ಅಂಬಾಸಿಡರ್ ಇದೆ. ಉತ್ತರಪಾಡಾದ ಕಾರ್ಖಾನೆ 2014ರಲ್ಲಿ ಅದನ್ನು ತಯಾರಿಸುವುದು ನಿಲ್ಲಿಸಿತು. ಇವರು ಓಡಿಸುವುದು ನಿಲ್ಲಿಸಿಲ್ಲ. ಹಳೆಯ ಎಂಜಿನ್ ಸವೆದ ಮೇಲೆ ಬೇರೆ ಗಾಡಿಯ ಎಂಜಿನ್ ಕೂರಿಸಿದರು. ಓಟ ಚೆನ್ನಾಗಿತ್ತು. ಆದರೆ ಟೆಂಪರೇಚರ್ ಗೇಜ್‌ನ ಮುಳ್ಳು 'ಸಿ', ಅಂದರೆ ತಣ್ಣಗಿನ ಗುರುತು, ಬಿಟ್ಟು ಏಳಲಿಲ್ಲ. ಏಪ್ರಿಲ್ ಬಿಸಿಲಲ್ಲಿ ಚಿತ್ರದುರ್ಗಕ್ಕೆ ಹೊರಟಾಗ ಹೈವೇಯಲ್ಲೇ ಬಾನೆಟ್‌ನಿಂದ ಹಬೆ ಬಂತು. ಆಗಲೂ ಮುಳ್ಳು ಅಲ್ಲೇ ಮಲಗಿತ್ತು.

ಒಬ್ಬರು ಡಿಜಿಟಲ್ ಮೀಟರ್ ತಂದು ಡ್ಯಾಶ್‌ಬೋರ್ಡ್ ಮೇಲೆ ಟೇಪ್ ಹಾಕಿ ಅಂಟಿಸಿಕೊಟ್ಟರು. ರಾತ್ರಿ ಅದರ ನೀಲಿ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಹಗಲು ಬಿಸಿಲಿಗೆ ಏನೂ ಕಾಣುತ್ತಿರಲಿಲ್ಲ. ಯಜಮಾನರು ನನ್ನ ಹತ್ತಿರ ಬಂದು, "ನಂಗೆ ನಂಬರ್ ಬೇಡಪ್ಪ. ಆ ಮುಳ್ಳನ್ನ ಎಬ್ಬಿಸಿಕೊಡು" ಅಂದರು. ಪಕ್ಕದಲ್ಲಿದ್ದ ಅವರ ಮನೆಯವರು, "ಇವರನ್ನ ಬೆಳಿಗ್ಗೆ ಎಬ್ಬಿಸೋಕೂ ಏನಾದ್ರೂ ಸರ್ಕ್ಯೂಟ್ ಇದ್ರೆ ನೋಡಿ" ಅಂದರು. ಅದು ನನ್ನ ಕೈಲಿ ಆಗುವ ಕೆಲಸವಲ್ಲ. ಮುಳ್ಳಿನ ಕೆಲಸ ಒಪ್ಪಿಕೊಂಡೆ.

ಯಜಮಾನರ ಮಾತು ನೂರಕ್ಕೆ ನೂರು ಸರಿ. ಗಾಡಿ ಓಡಿಸುವವರಿಗೆ 87 ಡಿಗ್ರಿಯೋ 88 ಡಿಗ್ರಿಯೋ ಬೇಕಿಲ್ಲ. ದಿನಾ ನಿಲ್ಲುವ ಜಾಗ ಬಿಟ್ಟು ಮುಳ್ಳು ಮೇಲೆ ಹೋಗುತ್ತಿದೆ ಅಂತ ಕಣ್ಣಂಚಲ್ಲಿ ಕಂಡರೆ ಸಾಕು, ಅಲ್ವಾ? ಹಾಗಿರುವಾಗ ಒಳ್ಳೆಯ ಗೇಜನ್ನು ಗುಜರಿಗೆ ಯಾಕೆ ಹಾಕಬೇಕು?

ಆ ಗೇಜ್ ಒಳಗೆ ಏನಿದೆ? ಎರಡು ಲೋಹ ಬೆಸೆದ ಸಣ್ಣ ಪಟ್ಟಿ. ಅದಕ್ಕೆ ಸುತ್ತಿದ ತೆಳ್ಳನೆಯ ತಂತಿ. ಕರೆಂಟ್ ಹರಿದರೆ ತಂತಿ ಕಾಯುತ್ತದೆ, ಪಟ್ಟಿ ಬಾಗುತ್ತದೆ, ಮುಳ್ಳು ಏಳುತ್ತದೆ. ಅಷ್ಟೇ. ಎಂಜಿನ್ ಎಷ್ಟು ಬಿಸಿ, ಸೆನ್ಸರ್ ಯಾವ ಕಂಪನಿಯದು, ಇದೆಲ್ಲ ಮುಳ್ಳಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಕರೆಂಟ್ ಮಾತ್ರ. ಹಳೆಯ ಸೆಂಡರ್, ಅಂದರೆ ಹಳೆಯ ಎಂಜಿನ್‌ನಲ್ಲಿದ್ದ ಸೆನ್ಸರ್, ಕೊಡುತ್ತಿದ್ದ ಕರೆಂಟನ್ನೇ ನಾವು ಕೊಟ್ಟರೆ ಮುಳ್ಳು ಹಿಂದಿನ ಹಾಗೆಯೇ ಕೆಲಸ ಮಾಡುತ್ತದೆ.

ಹೊಸ ಸೆನ್ಸರನ್ನು ನೇರವಾಗಿ ಸಿಕ್ಕಿಸಿದರೆ ಯಾಕೆ ಆಗುವುದಿಲ್ಲ? ಕರೆಂಟಿಗೆ ಇರುವ ತಡೆಯನ್ನು ಓಮ್‌ನಲ್ಲಿ ಅಳೆಯುತ್ತೇವೆ. ಎಂಜಿನ್ ತಂಪಾಗಿಸುವ ನೀರಿನ ಬಿಸಿ ಅಳೆಯುವ ಈಗಿನ ಸಾಮಾನ್ಯ ಕೂಲೆಂಟ್ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2500 ಓಮ್ ಇರುತ್ತದೆ. 100 ಡಿಗ್ರಿಗೆ ಬಂದರೂ 190ರ ಆಸುಪಾಸು. ಹಳೆಯ ಗೇಜ್ ಕೇಳುವುದು ಅದಕ್ಕಿಂತ ತುಂಬಾ ಕಡಿಮೆ ಓಮ್. ಎಂಜಿನ್ ಕುದಿಯುವ ಹೊತ್ತಿಗೂ ಮುಳ್ಳಿಗೆ ಸಾಕಷ್ಟು ಕರೆಂಟ್ ಸಿಗುವುದಿಲ್ಲ. ಆದ್ದರಿಂದ ನಡುವೆ ಒಬ್ಬ ದುಭಾಷಿ ಬೇಕು. ಪ್ರೋಗ್ರಾಮ್ ಹಾಕಬಹುದಾದ ಸಣ್ಣ ಬೋರ್ಡ್ ಒಂದು ಆರ್ಡುಯಿನೋ, ಕರೆಂಟಿಗೆ ಸ್ವಿಚ್‌ನ ಹಾಗಿರುವ ಒಂದು ಮಾಸ್ಫೆಟ್, ಕರೆಂಟಿಗೆ ತಡೆ ಒಡ್ಡುವ ನಾಲ್ಕು ರೆಸಿಸ್ಟರ್.

ಸೆನ್ಸರ್ ಜೊತೆ 1000 ಓಮ್ ರೆಸಿಸ್ಟರ್ ಸೇರಿಸಿ 5 ವೋಲ್ಟ್ ಕೊಡಿ. ತಣ್ಣಗಿದ್ದಾಗ ಸೆನ್ಸರ್ ಮೇಲೆ ಸುಮಾರು 3.5 ವೋಲ್ಟ್ ಸಿಗುತ್ತದೆ, 100 ಡಿಗ್ರಿಗೆ ಸುಮಾರು 0.8. ಆರ್ಡುಯಿನೋ ಇದನ್ನು ಓದಿ ಮಾಸ್ಫೆಟ್ಟನ್ನು ಸೆಕೆಂಡಿಗೆ ಸುಮಾರು 490 ಸಲ ಆನ್ ಆಫ್ ಮಾಡುತ್ತದೆ. ಇಸ್ತ್ರಿ ಪೆಟ್ಟಿಗೆ ಆನ್ ಆಗುತ್ತಾ ಆಫ್ ಆಗುತ್ತಾ ಒಂದೇ ಬಿಸಿ ಕಾಯ್ದುಕೊಳ್ಳುತ್ತದಲ್ಲ, ಹಾಗೆ. ಆನ್ ಇರುವ ಹೊತ್ತು ಜಾಸ್ತಿಯಾದರೆ ಪಟ್ಟಿ ಜಾಸ್ತಿ ಕಾಯುತ್ತದೆ. ಪಟ್ಟಿ ನಿಧಾನ ಸ್ವಭಾವದ್ದು, ಹಾಗಾಗಿ ಮುಳ್ಳು ನಡುಗುವುದಿಲ್ಲ. ಹಂಪ್ ಹಾರಿದಾಗ ಟ್ಯಾಂಕಿನಲ್ಲಿ ಪೆಟ್ರೋಲ್ ಕುಲುಕಿದರೂ ಫ್ಯೂಯೆಲ್ ಮುಳ್ಳು ಕುಣಿಯದಿರುವುದು ಇದೇ ಕಾರಣಕ್ಕೆ.

ಗ್ಯಾರೇಜ್ ಗೆಳೆಯರು ಗಮನವಿಟ್ಟು ಕೇಳಿ. ಮಾಸ್ಫೆಟ್ ಜೊತೆ ಸಾಲಿನಲ್ಲಿ ಒಂದು ರೆಸಿಸ್ಟರ್ ಇರಲೇಬೇಕು. ಹಳೆಯ ಸೆಂಡರ್ ತೀರಾ ಬಿಸಿಯಾದಾಗ ಎಷ್ಟು ಓಮ್ ಇರುತ್ತಿತ್ತೋ ಅಷ್ಟು. ಅದಿಲ್ಲದೆ ಪ್ರೋಗ್ರಾಮ್ ಆನ್‌ನಲ್ಲೇ ಸಿಕ್ಕಿಕೊಂಡರೆ ಗೇಜ್ ಸುಟ್ಟೇ ಹೋಗುತ್ತದೆ. ಇಂಥ ಹಳೆಯ ಬ್ರಿಟಿಷ್ ಮಾದರಿಯ ಗೇಜ್‌ಗಳಿಗೆ ಡ್ಯಾಶ್ ಹಿಂದಿನ ಸ್ಟೆಬಿಲೈಸರ್‌ನಿಂದ ಸರಾಸರಿ 10 ವೋಲ್ಟ್ ಹೋಗುತ್ತದೆ. ಬ್ಯಾಟರಿ ವೈರ್ ಸುಮ್ನೆ ತಾಗಿಸಿ ನೋಡುವ ಅಭ್ಯಾಸ ದಯವಿಟ್ಟು ಬಿಡಿ.

ಆಮೇಲೆ ಅಳತೆ. ಇದು ನನಗೆ ತುಂಬಾ ಇಷ್ಟವಾದ ಕೆಲಸ. ಸೆನ್ಸರ್‌ಗೆ ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಡಿ. ತಳಕ್ಕೆ ತಾಗಬಾರದು. ಪಕ್ಕದಲ್ಲಿ ಥರ್ಮಾಮೀಟರ್. ಹತ್ತು ಹತ್ತು ಡಿಗ್ರಿಗೆ ಓಮ್ ಬರೆದುಕೊಳ್ಳಿ. ಒಂದು ಮಾತು: ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 98ರ ಹತ್ತಿರವೇ ಕುದಿಯುತ್ತದೆ. ಕುದಿ ಬಂತು ಅಂತ ಕಣ್ಣು ಮುಚ್ಚಿ 100 ಅಂತ ಬರೆಯಬೇಡಿ. ಇನ್ನೊಂದು ಕಡೆ ಆರ್ಡುಯಿನೋದಿಂದ 0ಯಿಂದ 255ರವರೆಗೆ (0 ಅಂದರೆ ಪೂರ್ತಿ ಆಫ್, 255 ಅಂದರೆ ಪೂರ್ತಿ ಆನ್) ಒಂದೊಂದೇ ಅಂಕಿ ಕೊಟ್ಟು, ಮುಳ್ಳು ನಿಲ್ಲುವವರೆಗೆ ಕಾದು, ಎಲ್ಲಿ ನಿಂತಿತು ಅಂತ ಬರೆಯಿರಿ. ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟರೆ ಅದೇ ನಿಮ್ಮ ಪ್ರೋಗ್ರಾಮ್. ಮಧ್ಯದ ಬೆಲೆಗಳನ್ನು ಲೆಕ್ಕ ಹಾಕಿ ತುಂಬಿ. ಏಳೆಂಟು ಬಿಂದು ಸಾಕು. ದೊಡ್ಡ ಗಣಿತ ಬೇಡ, ಯಾಕೆಂದರೆ ಮುಳ್ಳಿಗೆ ಗೊತ್ತಿರುವುದು ಕರೆಂಟ್ ಮಾತ್ರ.

ಚೀಟಿ ಬಂತು, ಐದೇ ನಿಮಿಷ ಇದೆಯಂತೆ. ಹಾಗಾದರೆ ಮುಖ್ಯವಾದದ್ದು ಹೇಳಿಬಿಡುತ್ತೇನೆ. ಸೆನ್ಸರ್ ವೈರ್ ತುಂಡಾದರೆ ಓಮ್ ತೀರಾ ಜಾಸ್ತಿ ಕಾಣುತ್ತದೆ. ಪ್ರೋಗ್ರಾಮ್ ಅದನ್ನು 'ತಣ್ಣಗಿದೆ' ಅಂತ ತಿಳಿಯುತ್ತದೆ. ಯಜಮಾನರ ಕಾರಿನ ಕಥೆ ಮತ್ತೆ ಅದೇ! ಆರ್ಡುಯಿನೋ 5 ವೋಲ್ಟನ್ನು 1023 ಅಂತ ಓದುತ್ತದೆ. ಓದು 1023ರ ಹತ್ತಿರ ಬಂದರೆ ಮುಳ್ಳನ್ನು ನೇರ 'ಎಚ್', ಅಂದರೆ ಬಿಸಿಯ ಗುರುತಿನ ಕಡೆಗೆ ಕಳಿಸಿ. ಗಾಡಿಯವರು ಗಾಬರಿಯಾಗಿ ನಿಲ್ಲಿಸಲಿ, ಪರವಾಗಿಲ್ಲ. ಕೆಟ್ಟು ನಿಂತ ಗೇಜ್‌ಗಿಂತ ಸುಳ್ಳು ಹೇಳುವ ಗೇಜ್ ಅಪಾಯ.

ಉಳಿದದ್ದು ಬೇಗ. ಎಂಜಿನ್ ಓಡುವಾಗ 14 ವೋಲ್ಟ್ ಇರುತ್ತದೆ, ಜೊತೆಗೆ ಜರ್ಕ್‌ಗಳೂ ಬರುತ್ತವೆ. ಅದನ್ನು 5 ವೋಲ್ಟ್‌ಗೆ ಇಳಿಸುವ 7805 ಚಿಪ್ ಒಂದೇ ಸಾಲದು, ಅದರ ಮುಂದೆ ಜರ್ಕ್ ತಡೆಯುವ ಟಿವಿಎಸ್ ಡಯೋಡ್ ಮತ್ತು ಫ್ಯೂಸ್ ಹಾಕಿ. ಅರ್ಥ್ ವೈರನ್ನು ತುಕ್ಕು ಹಿಡಿದ ಬಾಡಿಗೆ ಬಿಗಿಯಬೇಡಿ, ಎಂಜಿನ್ ಬ್ಲಾಕ್‌ನಿಂದಲೇ ತನ್ನಿ. ಆಯಿಲ್ ಪ್ರೆಶರ್‌ಗೆ 0.5ರಿಂದ 4.5 ವೋಲ್ಟ್ ಕೊಡುವ ಸೆನ್ಸರ್ ಸಿಗುತ್ತದೆ, ಅದನ್ನು ಆರ್ಡುಯಿನೋಗೆ ನೇರವಾಗಿ ಕೊಡಬಹುದು. ಫ್ಯೂಯೆಲ್ ಗೇಜ್ ಸರಿಯಿದ್ದರೆ ಅದರ ತಂಟೆಗೆ ಹೋಗಬೇಡಿ.

ಬೋರ್ಡ್, ಗೇಜ್, ಮಲ್ಟಿಮೀಟರ್ ಎಲ್ಲ ಈ ಮೇಜಿನ ಮೇಲಿದೆ. ಹಿಂದಿನ ಸಾಲಿನವರು ಮುಂದೆ ಬನ್ನಿ, ಮುಂದಿನ ಸಾಲಿನವರು ಎದ್ದು ಹೋಗಬೇಡಿ. ಒಬ್ಬರು ಅಂಕಿ ಹಾಕಿ, ಒಬ್ಬರು ಮುಳ್ಳು ನೋಡಿ ಬರೆದುಕೊಳ್ಳಿ.