‘ಬೆಳಿಗ್ಗೆ ನೋಡೋಣ’ ಅಂದುಕೊಂಡ ರಾತ್ರಿಗಳು

ನಮಸ್ಕಾರ ಕೇಳುಗರೇ. ನಾನು ಪಶುವೈದ್ಯೆ. ಸಾಕುಪ್ರಾಣಿಗಳ ತುರ್ತು ಚಿಕಿತ್ಸೆಯಲ್ಲಿ ರಾತ್ರಿ ಪಾಳಿ ಮಾಡುತ್ತೇನೆ. ಅಲ್ಲಿ ನಾನು ಅತಿ ಹೆಚ್ಚು ಕೇಳಿರುವ ಮಾತು ಒಂದೇ. ‘ನಿನ್ನೆಯಿಂದ ಹೀಗೇ ಇತ್ತು ಡಾಕ್ಟ್ರೇ, ಬೆಳಿಗ್ಗೆ ನೋಡೋಣ ಅಂದ್ಕೊಂಡೆವು.’ ಹೇಳುವಾಗ ಅವರ ದನಿ ನಡುಗುತ್ತಿರುತ್ತದೆ. ಅವರನ್ನು ಬೈಯಲು ನನಗೆ ಯಾವತ್ತೂ ಮನಸ್ಸು ಬಂದಿಲ್ಲ. ನೋವಿದ್ದರೂ ಬಾಯಿಬಿಟ್ಟು ಹೇಳಲಾರದ ಜೀವ ಅದು. ಬೆಕ್ಕಂತೂ ಮಂಚದ ಕೆಳಗೆ ಹೋಗಿ ಮುದುಡಿ ಕೂತುಬಿಡುತ್ತದೆ.

ಗಂಡು ಬೆಕ್ಕಿನ ವಿಷಯವನ್ನೇ ಮೊದಲು ಹೇಳುತ್ತೇನೆ. ಅದು ಮಲಮೂತ್ರಕ್ಕೆಂದು ಇಟ್ಟ ಟ್ರೇಗೆ ಮತ್ತೆ ಮತ್ತೆ ಹೋಗಿ ತಿಣುಕುತ್ತದೆ, ಕೂಗುತ್ತದೆ. ಮಲ ಕಟ್ಟಿದೆ ಅಂತ ಮನೆಯವರು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಕಟ್ಟಿರುವುದು ಮೂತ್ರ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಕಿರಿದು. ಸಣ್ಣ ಹರಳೋ ಲೋಳೆಯೋ ಸಿಕ್ಕಿಕೊಂಡರೆ ಸಾಕು, ದಾರಿ ಮುಚ್ಚುತ್ತದೆ. ಆಗ ಮೂತ್ರದಲ್ಲಿ ಹೊರಹೋಗಬೇಕಾದ ಪೊಟ್ಯಾಶಿಯಂ ರಕ್ತದಲ್ಲೇ ಏರುತ್ತಾ ಹೋಗುತ್ತದೆ. ಎದೆಬಡಿತ ನಿಧಾನವಾಗುತ್ತದೆ. ಒಂದೆರಡು ದಿನದೊಳಗೆ ಹೃದಯ ನಿಂತೇಹೋಗಬಹುದು. ಬೇಗ ತಂದರೆ ಹೃದಯ ಕಾಪಾಡಲು ಕ್ಯಾಲ್ಸಿಯಂ ಕೊಡುತ್ತೇವೆ, ಡ್ರಿಪ್ ಹಾಕುತ್ತೇವೆ, ಮಂಪರು ಬರಿಸಿ ಸಣ್ಣ ನಳಿಕೆಯಿಂದ ದಾರಿ ಬಿಡಿಸುತ್ತೇವೆ. ಹೀಗೆ ಬಂದ ಬೆಕ್ಕುಗಳಲ್ಲಿ ಹೆಚ್ಚಿನವು ಮನೆಗೆ ಮರಳುತ್ತವೆ. ಆ ಖುಷಿ ನನಗೆ ಇವತ್ತಿಗೂ ಹಳತಾಗಿಲ್ಲ.

ನಾಯಿಗಳಲ್ಲೂ ಇಂಥದ್ದೇ ಒಂದಿದೆ. ದೊಡ್ಡ ಮೈ, ಆಳವಾದ ಎದೆಯ ನಾಯಿ ವಾಂತಿ ಮಾಡಲು ಹೆಣಗುತ್ತದೆ, ಏನೂ ಬರುವುದಿಲ್ಲ, ಹೊಟ್ಟೆ ಉಬ್ಬಿಕೊಳ್ಳುತ್ತದೆ. ಜಠರ ತಿರುಚಿಕೊಂಡಿರಬಹುದು. ಇಲ್ಲಿ ದಿನಗಳ ಲೆಕ್ಕ ಇಲ್ಲ, ಗಂಟೆಗಳದ್ದು. ಬಾಯಿ ತೆರೆದು ಉಸಿರಾಡುವ ಬೆಕ್ಕು, 5 ನಿಮಿಷ ದಾಟಿದ ಫಿಟ್ಸ್, ಇವಕ್ಕೂ ಕಾಯುವಂತಿಲ್ಲ.

ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ನಾಯಿ ಅಥವಾ ಬೆಕ್ಕಿನ ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಿಂದ ಒತ್ತಿ ಬಿಡಿ. ಬಿಳಿಚಿದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪು. ಅಂಥವಕ್ಕೆ ಕೆಳರೆಪ್ಪೆಯ ಒಳಭಾಗ ನೋಡಿದರಾಯಿತು. ಆರೋಗ್ಯವಾಗಿರುವಾಗಲೇ ನೋಡಿಟ್ಟುಕೊಳ್ಳಿ. ಬಿಳಿಚಿದ್ದರೆ ರಕ್ತ ಕಡಿಮೆಯಾಗಿರಬಹುದು, ಇಲ್ಲವೇ ಅದು ಸರಿಯಾಗಿ ಓಡುತ್ತಿಲ್ಲ. ನೀಲಿಯಾಗಿದ್ದರೆ ಆಕ್ಸಿಜನ್ ಸಾಲುತ್ತಿಲ್ಲ.

ಆಸ್ಪತ್ರೆಯಲ್ಲಿ ಮೊದಲು ಬಂದವರಿಗೆ ಮೊದಲು ಅನ್ನುವುದು ನಡೆಯಲ್ಲ. ಉಸಿರಿಗೆ ಒದ್ದಾಡುವ ಪ್ರಾಣಿ ಮೊದಲು ಒಳಗೆ ಹೋಗುತ್ತದೆ. ನಿಮ್ಮನ್ನು ಕಾಯಿಸಿದರೆ ಬೇಸರ ಬೇಡ, ಎಷ್ಟೋ ಸಲ ಅದು ಒಳ್ಳೆಯ ಸೂಚನೆಯೇ. ಐಸಿಯು ಒಳಗೆ ಆಕ್ಸಿಜನ್ ತುಂಬಿದ ಪೆಟ್ಟಿಗೆ ಇರುತ್ತದೆ. ರಕ್ತದೊತ್ತಡ, ಎದೆಬಡಿತ, ಎಷ್ಟು ಮೂತ್ರ ಬಂತು, ಎಲ್ಲವನ್ನೂ ರಾತ್ರಿಯಿಡೀ ಬರೆದಿಡುತ್ತೇವೆ. ರಕ್ತವನ್ನೂ ಕೊಡುತ್ತೇವೆ. ಬೆಕ್ಕುಗಳಲ್ಲಿ ಎ, ಬಿ, ಎಬಿ ಅನ್ನುವ ಗುಂಪುಗಳಿವೆ. ಗುಂಪು ತಪ್ಪಿದರೆ ಮೊದಲ ಸಲವೇ ಪ್ರಾಣಕ್ಕೆ ಅಪಾಯ. ಅದಕ್ಕೇ ಪರೀಕ್ಷೆ ಮಾಡದೆ ಹನಿ ರಕ್ತವನ್ನೂ ಹಾಕುವುದಿಲ್ಲ. ಇಷ್ಟೆಲ್ಲ ಮಾಡಿದರೂ ಕೆಲವು ಉಳಿಯುವುದಿಲ್ಲ. ಆಗ ಮನೆಯವರನ್ನು ಒಳಗೆ ಕರೆದು ಅದರ ಪಕ್ಕದಲ್ಲಿ ಕೂರಿಸುತ್ತೇವೆ.

ಮನೆಮದ್ದಿನ ಬಗ್ಗೆ ಕೈಮುಗಿದು ಕೇಳುತ್ತೇನೆ. ಬೆಕ್ಕಿಗೆ ಪ್ಯಾರಸಿಟಮಾಲ್ ಕೊಡಲೇಬೇಡಿ. ಒಂದೇ ಮಾತ್ರೆ ಕೊಲ್ಲಬಲ್ಲದು. ವಿಷ ತಿಂದಿದೆ ಅಂತ ಉಪ್ಪುನೀರು ಕುಡಿಸಬೇಡಿ. ಉಪ್ಪೇ ವಿಷವಾಗುತ್ತದೆ. ತಿಂದ ವಸ್ತುವಿನ ಪೊಟ್ಟಣ ಜೊತೆಗೆ ತನ್ನಿ. ಬಿಸಿಲಿಗೆ ಬಳಲಿ ಬಿದ್ದ ನಾಯಿಯ ಮೈಮೇಲೆ ನೀರು ಸುರಿದು ಗಾಳಿ ಹಾಕಿ, ದಾರಿಯಲ್ಲೂ ಗಾಳಿ ಹಾಕುತ್ತಲೇ ಕರೆತನ್ನಿ. ಪೆಟ್ಟಾದ ಪ್ರಾಣಿಯನ್ನು ಹಲಗೆಯ ಮೇಲೋ ಬಿಗಿಯಾಗಿ ಹಿಡಿದ ಕಂಬಳಿಯಲ್ಲೋ ಮಲಗಿಸಿ. ನೋವಲ್ಲಿ ನಿಮ್ಮನ್ನೇ ಕಚ್ಚಬಹುದು, ಮುಖ ಹತ್ತಿರ ಒಯ್ಯಬೇಡಿ.

ರಾತ್ರಿ ತೆರೆದಿರುವ ಆಸ್ಪತ್ರೆ ಎಲ್ಲಿದೆ ಅಂತ ಇಂದೇ ವಿಚಾರಿಸಿ, ನಂಬರ್ ಫೋನಿನಲ್ಲಿ ಹಾಕಿಕೊಳ್ಳಿ. ಹೊರಡುವಾಗ ಒಂದು ಕರೆ ಮಾಡಿ. ನೀವು ಬಾಗಿಲಿಗೆ ಬರುವಷ್ಟರಲ್ಲಿ ನಾವು ಆಕ್ಸಿಜನ್ ಹಿಡಿದು ನಿಂತಿರುತ್ತೇವೆ. ನಮಸ್ಕಾರ.